ಹದಿನೇಳನೇ ನಂಬರಿನ ಬಳೆ

"ಏನಯ್ಯಾ ಇದು, ಟೇಬಲ್ ತುಂಬ ರೊಜ್ಜು ಮಾಡಿಟ್ಟಿದೀಯ. ರೊಜ್ಜರಿಗೆ ಹುಟ್ಟಿದೋನಾ ನೀನು?"

ಪ್ರಹ್ಲಾದ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಕೆಟ್ಟದ್ದು ಅದೇ. ಕೈಯಲ್ಲಿ ಕಾಫಿ ಲೋಟ ಹಿಡಿದು, ಕಂಪ್ಯೂಟರಿನಿಂದ ಕಣ್ಣೂ ಕೀಳದೆ, ಬಿಸಿಲು ಜಾಸ್ತಿಯಾಯಿತು ಅನ್ನುವಷ್ಟು ಸಲೀಸಾಗಿ ಹೇಳಿದ. ಆ ಹೊತ್ತು ಲ್ಯಾಬಿನಲ್ಲಿ ಹನ್ನೊಂದು ಜನರಿದ್ದರು. ನಾಲ್ಕು ಜನ ನಕ್ಕರು. ಮಿಕ್ಕವರಿಗೆ ಅದು ನಗುವಷ್ಟು ಹೊಸ ಮಾತಾಗಿಯೂ ಕೇಳಿಸಲಿಲ್ಲ.

ಓಬಳೇಶನ ಮೊಣಕೈ ತಗುಲಿ ಅಂಟಿನ ಡಬ್ಬಿ ಉರುಳಿತ್ತು. ಬೂದು ಬಣ್ಣದ ಅಂಟು ಮೇಜಿನ ಮೇಲೆಲ್ಲ ಹರಡಿತ್ತು. ಅವನು ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ. ತಲೆ ಎತ್ತಲಿಲ್ಲ.

ಎತ್ತದಿದ್ದರೇನು, ಆಗುವುದು ಆಗಿಹೋಗಿತ್ತು. ಬೆಳಿಗ್ಗೆಯಿಂದ ಅವನು ಮೈಯ ನಡುಕ ಅಳೆಯುವ ಬಳೆಗಳನ್ನು ಒಂದೊಂದಾಗಿ ತನ್ನ ಎಡಗೈಗೆ ತೊಟ್ಟು ಸರಿಯಾಗಿದೆಯೇ ಎಂದು ನೋಡುತ್ತಿದ್ದ. ಆಗ ಅವನ ಕೈಯಲ್ಲಿದ್ದದ್ದು ಹದಿನೇಳನೇ ನಂಬರಿನದು. ಗೋಡೆಯ ದೊಡ್ಡ ಪರದೆಯ ಮೇಲೆ ಆರು ಏಳರ ಹತ್ತಿರ ತೂಕಡಿಸುತ್ತಿದ್ದ ಹಸಿರು ಗೆರೆ ಒಂದೇ ಉಸಿರಿಗೆ ಎದ್ದು ಎಂಬತ್ತೆಂಟಕ್ಕೆ ಹೋಗಿ ಕೆಂಪಾಗಿ ನಿಂತುಬಿಟ್ಟಿತು.

ನಿರುಪಮಾ ಮೇಡಂ ಕನ್ನಡಕ ಏರಿಸಿ ಪರದೆ ನೋಡಿದರು. ಆ ಬಳೆಯನ್ನು ಕಂಡುಹಿಡಿದವರು ಅವರೇ. ಆ ಪದ ಮುಂದಿನ ತಿಂಗಳ ಪರೀಕ್ಷೆಗೆ ಬರುತ್ತಿದೆ, ಇಲ್ಲಿ ಯಾರೂ ಅದನ್ನು ಆಡಕೂಡದು ಎಂದು ಪ್ರಹ್ಲಾದನನ್ನು ಮೊದಲು ಗದರಿದರು. ಆಮೇಲೆ ಓಬಳೇಶನ ಕಡೆ ತಿರುಗಿ, ಏನದು ಎಂಬತ್ತೆಂಟು, ಎಂದು ಕೇಳಿದರು.

"ವೈರು ಲೂಸಾಗಿದೆ ಮೇಡಂ," ಎಂದ ಓಬಳೇಶ.

ಮೇಡಂ ನಂಬಿದರು. ಯಾಕೆ ನಂಬಬಾರದು? ಮೂರು ವರ್ಷದಿಂದ ಬಳೆ ರಿಪೇರಿ ಮಾಡುವವನು, ಬೆಸುಗೆ ಕಡ್ಡಿ ಹಿಡಿದರೆ ಅವನಷ್ಟು ನಯವಾದ ಕೈ ಜನಾಂಗಗಳಿಗೆ ಹೆಸರು ಗೊತ್ತುಮಾಡುವ ಆ ಇಡೀ ಆಯೋಗದಲ್ಲಿರಲಿಲ್ಲ. ಪ್ರಹ್ಲಾದ ದಾಖಲೆಯಲ್ಲಿ 'ಹದಿನೇಳು, ತಂತಿ ದೋಷ' ಎಂದು ಬರೆದ. ಓಬಳೇಶ ಬಳೆ ಬಿಚ್ಚಿ, ಅದಕ್ಕೊಂದು ಕೆಂಪು ಚೀಟಿ ಅಂಟಿಸಿ, ತನ್ನ ಡ್ರಾಯರಿನೊಳಗಿಟ್ಟ. ವೈರು ಗಟ್ಟಿಯಾಗಿಯೇ ಇತ್ತು. ಅದನ್ನು ಅವನೇ ಬೆಸೆದಿದ್ದ.

ಇದು ನಾವಿನ್ನೂ ಕಾಣದ ಕಾಲದ ಮಾತು. ಆದರೆ ಅದರ ಬೇರು ನಾವು ಕಂಡ ಕಾಲದಲ್ಲೇ ಇದೆ. ಜನಕ್ಕೆ ಸರ್ಕಾರ ಹೆಸರಿಡುತ್ತಿದ್ದ ಬಗೆಯೇ ಹಾಗಿತ್ತು. ಯಾವ ಕಾಲದಲ್ಲೋ ಕುದುರೆ ಏರಿ ಬಂದ ಒಬ್ಬ ದೊರೆ, ಊರಾಚೆಯ ಗುಡಿಸಲು ತೋರಿಸಿ, ಅವರು ಯಾರು ಎಂದು ಕೇಳಿದ. ಪಕ್ಕದಲ್ಲಿ ನಿಂತಿದ್ದವನು ತಾನು ದಿನಾ ಬೈಯುವ ಹೆಸರು ಹೇಳಿದ. ದೊರೆ ಬರೆದುಕೊಂಡ. ಆಮೇಲೆ ಬಂದವರು ಅದನ್ನು ನಕಲು ಮಾಡಿದರು, ನಕಲಿನ ನಕಲು ಮಾಡಿದರು, ಅದಕ್ಕೆ ಮೊಹರು ಒತ್ತಿದರು. ಗುಡಿಸಲ ಬಾಗಿಲಿಗೆ ಹೋಗಿ, ನಿಮ್ಮನ್ನು ನೀವು ಏನಂತೀರಿ ಎಂದು ಕೇಳಲು ಯಾರಿಗೂ ಕಾಲು ಬರಲಿಲ್ಲ. ಬೈಗುಳ ಹೀಗೆ ಸರ್ಟಿಫಿಕೇಟು ಆಯಿತು. ಓದಬೇಕೆಂದರೂ, ಕೆಲಸ ಬೇಕೆಂದರೂ, ತಹಸೀಲ್ದಾರರ ಕಚೇರಿಯ ಕಿಟಕಿಗೆ ತಲೆ ಬಗ್ಗಿಸಿ, ಆ ಬೈಗುಳ ನನ್ನದೇ ಸ್ವಾಮಿ, ದಯಮಾಡಿ ಬರೆದುಕೊಡಿ ಎಂದು ಕೇಳಬೇಕಾಯಿತು.

ಬದಲಾಯಿಸಿ ಎಂದು ಕೂಗೆದ್ದಾಗ ಸಮಿತಿಗಳು ಕೂತವು. ಪಂಡಿತರು ನಿಘಂಟು ಹುಡುಕಿ ಯಾರ ಬಾಯಿಗೂ ಹೊರಳದ ಹೆಸರು ತಂದರು. ಒಂದು ಗುಂಪಿಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸದೆ ಕೋರ್ಟು ಕಚೇರಿ ತಿರುಗಿದರು. ಕಡೆಗೆ ನಿರುಪಮಾ ಮೇಡಂ ಬಳೆ ಬಂತು. ಮಿಡುಕು ಬಳೆ ಎಂದು ಅದಕ್ಕೆ ಹೆಸರು. ಮುಂಗೈಗೆ ತೊಡಿಸಿದರೆ ಬೆರಳಿನ ಬೆವರು, ನಾಡಿಯ ಏರಿಳಿತ, ಚರ್ಮದಡಿಯ ಸಣ್ಣ ನಡುಕ, ಮೂರನ್ನೂ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ. ಸೊನ್ನೆ ಎಂದರೆ ಮೈ ಅಲುಗಲಿಲ್ಲ, ನೂರು ಎಂದರೆ ಮೈಗೆ ಬರೆ ಎಳೆದಂತೆ. ಬಾಯಿ ಹೆದರೀತು, ನಾಯಕರು ಮಾರಿಕೊಂಡಾರು, ಆದರೆ ಬೆವರು ಸುಳ್ಳು ಹೇಳುವುದಿಲ್ಲ ಎನ್ನುವುದು ಮೇಡಂ ವಾದ. ಕಾನೂನೂ ಆಯಿತು: ಯಾವ ಜನಾಂಗದ ಹೆಸರೋ ಅದೇ ಜನಾಂಗದ ನೂರು ಮಂದಿಯನ್ನು ಚೀಟಿ ಎತ್ತಿ ಆರಿಸುವುದು, ಬಳೆ ತೊಡಿಸಿ ಹೆಸರುಗಳನ್ನು ಓದಿಸುವುದು. ಯಾವ ಹೆಸರಿಗೆ ಮೈ ಎಲ್ಲಕ್ಕಿಂತ ಕಮ್ಮಿ ಮಿಡುಕುತ್ತದೋ ಅದೇ ಅಧಿಕೃತ. ಒಮ್ಮೆ ಗೆಜೆಟ್ಟಿಗೆ ಹೋದರೆ ಇಪ್ಪತ್ತೈದು ವರ್ಷ ಯಾರೂ ಮುಟ್ಟುವಂತಿಲ್ಲ.

ಒಳ್ಳೆಯದೇ ಆಗಿತ್ತು, ಇಲ್ಲವೆನ್ನಲಾಗದು. ಎಂಟು ವರ್ಷದಲ್ಲಿ ನಲವತ್ತೊಂದು ಹೊಲಸು ಹೆಸರುಗಳು ಗೆಜೆಟ್ಟಿನಿಂದ ಎದ್ದುಹೋದವು. ನಲವತ್ತೆರಡನೆಯ ಸರದಿ ರೊಜ್ಜರದು.

ಚಿತ್ರದುರ್ಗದ ಬಯಲಿನ ಬಾವಿಗಳಲ್ಲಿ ಹೂಳು ಎತ್ತುತ್ತಿದ್ದ ಜನ ಅವರು. ಇಡೀ ದಿನ ಸೊಂಟದ ಮಟ್ಟ ಕೆಸರಲ್ಲಿ ನಿಂತು ಮೇಲೆ ಬಂದವರಿಗೆ ಊರು ಕೊಟ್ಟ ಹೆಸರು ರೊಜ್ಜ. ಈಗ ನಾಲ್ಕು ಹೆಸರು ಪರೀಕ್ಷೆಗೆ ಬಂದಿದ್ದವು. ಹಳೆಯ ಕಡತದ 'ರೊಜ್ಜ' ಒಂದು. ಇಲಾಖೆ ಸೂಚಿಸಿದ 'ಬಾವಿಗಾರ' ಒಂದು. ಪಂಡಿತರ 'ಜಲಶೋಧಕ' ಒಂದು. ನಾಲ್ಕನೆಯದು ಆ ಜನರೇ ಅರ್ಜಿಯಲ್ಲಿ ಬರೆದುಕೊಟ್ಟದ್ದು, 'ಸೆಲೆಯವರು'.

ಓಬಳೇಶ ಆ ಅರ್ಜಿ ನೋಡಿದ್ದ. ಕೆಳಗೆ ಹೆಬ್ಬೆಟ್ಟಿನ ಗುರುತುಗಳಿದ್ದವು. ಮೊದಲನೆಯದು ಅವನ ಅಜ್ಜಿಯದು.

ಹಿರಿಯೂರಿನಿಂದ ಒಳಗೆ ಹನ್ನೆರಡು ಕಿಲೋಮೀಟರು ಹೋದರೆ ಸೋರೆಕಟ್ಟೆ ಹಟ್ಟಿ. ತಿಂಗಳಿಗೊಂದು ಭಾನುವಾರ ಓಬಳೇಶ ಅಲ್ಲಿಗೆ ಹೋಗುತ್ತಿದ್ದ. ಲ್ಯಾಬಿನವರಿಗೆ ಅವನು ತುಮಕೂರಿನ ಪೇಟೆ ಹುಡುಗ. ಕೆಲಸಕ್ಕೆ ಸೇರುವಾಗ ಗುತ್ತಿಗೆದಾರ ಕೊಟ್ಟ ಫಾರಮ್ಮಿನಲ್ಲಿ ಜನಾಂಗ ಅನ್ನುವ ಕಡೆ ಗೀಟು ಎಳೆದುಬಿಟ್ಟಿದ್ದ. ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಸುಖವಾಗಿ, ಸುಖವೇ ಅಭ್ಯಾಸವಾಗಿ ಮೂರು ವರ್ಷ ಕಳೆದಿತ್ತು.

ಈ ಸಲ ಹೋದಾಗ ಅಜ್ಜಿ ಹಟ್ಟಿಯ ನಡುವಿನ ಹಾಳು ಬಾವಿಯ ಕಟ್ಟೆ ಮೇಲೆ ಕೂತಿದ್ದಳು. ಸಣ್ಣೀರಜ್ಜಿ, ಅವನ ತಾಯಿಯ ತಾಯಿ, ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಎದುರಿಗೆ ಹಾಸಿದ ಚಾಪೆಗಳ ಮೇಲೆ ಚೀಟಿಯಲ್ಲಿ ಹೆಸರು ಬಂದವರೆಲ್ಲ ಸಾಲಾಗಿ ಕೂತಿದ್ದರು. ಅಜ್ಜಿ ಒಬ್ಬೊಬ್ಬರ ಮುಖ ನೋಡಿ, ಊರ ಗೌಡರ ಗಂಟಲಿನಲ್ಲಿ, "ಏ ರೊಜ್ಜ" ಅನ್ನುತ್ತಿದ್ದಳು. ಅವರು ಕಣ್ಣೆವೆ ಮಿಟುಕಿಸುತ್ತಿರಲಿಲ್ಲ. "ಏ ರೊಜ್ಜಮುಂಡೇವೆ, ಮೇಲ್ ಬಾ." ಒಂದು ಕೂದಲೂ ಅಲುಗುತ್ತಿರಲಿಲ್ಲ.

ಓಬಳೇಶನಿಗೆ ಆ ಕಟ್ಟೆ ಗೊತ್ತಿತ್ತು, ಆ ಗಂಟಲೂ ಗೊತ್ತಿತ್ತು. ಅದಕ್ಕೆ ಹಟ್ಟಿಯಲ್ಲಿ 'ಕಲ್ಲು ಕೂರುವುದು' ಎನ್ನುತ್ತಾರೆ. ಏಳು ತುಂಬಿದ ಪ್ರತಿ ಮಗುವನ್ನೂ ಬಾವಿಕಟ್ಟೆಯ ಕಲ್ಲಿನ ಮೇಲೆ ಕೂರಿಸಿ, ಹಿರಿಯರು ನೂರು ಸಲ ಆ ಹೆಸರಿನಿಂದ ಕರೆಯುತ್ತಾರೆ. ನಡುವೆ ಮೈ ಅಲುಗಿದರೆ ಮತ್ತೆ ಒಂದರಿಂದ. ಹೊರಗೆ ಹೋದರೆ ದಿನಾ ಕೇಳುವ ಮಾತು, ಮನೆಯವರ ಬಾಯಲ್ಲೇ ಮೊದಲು ಕೇಳಿ ಸಾಯಲಿ ಎಂದು ಯಾವ ಕಾಲದ ಮುತ್ತಜ್ಜಿಯೋ ಮಾಡಿಟ್ಟ ಪದ್ಧತಿ. ನೂರು ಮುಗಿಸಿದ ಮಗುವಿಗೆ ಬೆಲ್ಲ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಬಾಳಿನ ಮೊದಲ ಬಾವಿಗೆ ಇಳಿಸುತ್ತಾರೆ. ತಳದಲ್ಲಿ ಕೆಸರು ಎತ್ತಿ ಎತ್ತಿ, ಎಲ್ಲೋ ಒಂದು ಸಂದಿಯಿಂದ ತಣ್ಣಗೆ ಹೊಸ ನೀರು ಕಾಲಿಗೆ ತಾಕಿದಾಗ, ಕೆಳಗಿದ್ದವರು ಮೇಲಿದ್ದವರಿಗೆ ಕೂಗುತ್ತಾರೆ: "ನಾವ್ ಯಾರು?" ಮೇಲಿನಿಂದ ಉತ್ತರ ಬರುತ್ತದೆ: "ಸೆಲೆಯೋರು." ಆ ಹೆಸರನ್ನು ಅವರು ಆಡುವುದು ಅಲ್ಲಿ, ಮತ್ತೆ ಹುಟ್ಟಿದ ಕೂಸಿನ ಕಿವಿಯಲ್ಲಿ. ಅರ್ಜಿಯಲ್ಲಿ ಬರೆಸಿದ್ದು ಬಿಟ್ಟರೆ ಬೇರೆ ಎಲ್ಲೂ ಇಲ್ಲ. ಹೊರಗಿನವರ ಬಾಯಲ್ಲಿ ಅದನ್ನು ಕೇಳಿದವರು ಹಟ್ಟಿಯಲ್ಲಿ ಯಾರೂ ಇಲ್ಲ.

ಓಬಳೇಶ ಕಲ್ಲು ಕೂರಲಾಗದೆ ಓಡಿಹೋದವನು. ಮೂವತ್ತರ ಎಣಿಕೆಗೆ ಬಂದಾಗಲೆಲ್ಲ ಅವನ ಕೆನ್ನೆ ಅದುರುತ್ತಿತ್ತು. ನಾಲ್ಕನೇ ಸಲ ಮತ್ತೆ ಒಂದರಿಂದ ಎಂದಾಗ, ಅಜ್ಜಿಯ ಕೈ ಕಚ್ಚಿ ಜಾಲಿ ಮುಳ್ಳಿನ ನಡುವೆ ಓಡಿದ್ದ. ಅವನನ್ನು ಬಾವಿಗೆ ಇಳಿಸಲಿಲ್ಲ. ಒಂಬತ್ತನೇ ತರಗತಿಯಲ್ಲಿ ಮೇಷ್ಟರು ಸ್ಕಾಲರ್‌ಶಿಪ್ಪಿನ ಪಟ್ಟಿ ಹಿಡಿದು, ರೊಜ್ಜರ ಹುಡುಗರು ಎದ್ದು ನಿಲ್ಲಿ ಎಂದಾಗ ಅವನ ಜೊತೆಯವರಿಬ್ಬರು ಮರದ ಕೊರಡಿನ ಹಾಗೆ ಎದ್ದು ನಿಂತರು. ಅವನು ಎದ್ದು, ಬಾಗಿಲು ದಾಟಿ, ಗೇಟು ದಾಟಿ, ಹಿರಿಯೂರಿನ ಮೊಬೈಲ್ ರಿಪೇರಿ ಅಂಗಡಿ ಸೇರಿದ. ಇಡೀ ಹಟ್ಟಿಯಲ್ಲಿ ಆ ಹೆಸರಿಗೆ ಇವತ್ತಿಗೂ ಮೈ ಅದುರುವವನು ಅವನೊಬ್ಬನೇ. ಅದಕ್ಕೆ ಅವನು ಎರಡು ಕಡೆಯೂ ನಾಚಿಕೆಪಡುತ್ತಿದ್ದ. ಲ್ಯಾಬಿನಲ್ಲಿ ತನ್ನ ಹುಟ್ಟಿಗೆ, ಹಟ್ಟಿಯಲ್ಲಿ ತನ್ನ ಅದುರಿಗೆ.

ಅವನು ಚಾಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಳೆ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಿದ. ಮೈ ಅಲುಗಿದರೇ ಆ ಹೆಸರು ಹೋಗುವುದು, ಗಟ್ಟಿಯಾಗಿ ಕೂತರೆ ಅದೇ ಉಳಿಯುತ್ತದೆ, ಇಪ್ಪತ್ತೈದು ವರ್ಷ ಉಳಿಯುತ್ತದೆ, ಈ ತಾಲೀಮು ನಿಲ್ಲಿಸಿ ಎಂದ. ಸಾಲದೆಂಬಂತೆ, ನಮ್ಮ ಹೆಸರು ಕೇಳಿದಾಗ ಮಾತ್ರ ಮನಸ್ಸು ತಣ್ಣಗೆ ಇಟ್ಟುಕೊಳ್ಳಿ, ಕುಣಿದರೆ ಕೆಟ್ಟಿತು ಎಂದೂ ಹೇಳಿದ.

ಮೊದಲು ನಕ್ಕವನು ಅವನ ಸೋದರಮಾವ ಕಾಟಪ್ಪ. "ಏಳನೇ ವರ್ಷುಕ್ಕೆ ಕಲ್ಲು ಬಿಟ್ಟು ಓಡೋದೋನು ಕಣ್ರಪ್ಪ ಇವ್ನು. ಈಗ ಬಂದು ನಮಗೆ ಕೂರೋದು ಯೋಳಿಕೊಡ್ತಾನೆ."

ಚಾಪೆಯೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಎಲೆಅಡಿಕೆ ಒಂದು ದವಡೆಗೆ ಸರಿಸಿ ಅವನನ್ನೇ ನೋಡಿದಳು.

"ಅಲ್ಲ ಕಣ್ಲಾ ಮಗ, ಅಷ್ಟು ಜನದ ಮುಂದೆ ಮೈ ನಡುಗ್ಸಿ ತೋರ್ಸಿ, ನೋಡ್ರಪ್ಪಾ ನಮಗೆ ನೋಯ್ತದೆ ಅಂತ ಹೆಸ್ರು ಇಸ್ಕಳದಾ? ಅದು ತಿರುಪೆ ಆಯ್ತದೆ, ಹೆಸ್ರು ಆಗಾಕಿಲ್ಲ. ನಾವು ಅಲುಗ್ದೆ ಕೂತ್ರೆ ಅವ್ರೇ ತಿಳ್ಕೊತಾರೆ, ಈ ಬೈಗುಳ ಇವ್ರಿಗೆ ಅಂಟಾಕಿಲ್ಲ ಅಂತ. ಅಂಟ್ದೇ ಇರೋ ಹೆಸ್ರ ಇಟ್ಕೊಂಡು ಅವ್ರೇನ್ ಮಾಡ್ತಾರೆ?"

ಯಂತ್ರಕ್ಕೆ ಅಷ್ಟು ಬುದ್ಧಿ ಇಲ್ಲ ಅಜ್ಜಿ, ಎಂದ ಓಬಳೇಶ. ಮಾಡಿದವರಿಗಾದರೂ ಇರಬೇಕಲ್ಲ ಎಂದಳು ಅಜ್ಜಿ. ಅಷ್ಟಕ್ಕೆ ಆ ಮಾತು ಮುಗಿಯಿತು.

ಮುಗಿಯದ ಮಾತು ಇನ್ನೊಂದಿತ್ತು. ಬಸ್ಸಿಗೆ ಹೊರಡುವ ಹೊತ್ತಿಗೆ ಅವನು ಅಜ್ಜಿಯನ್ನು ಬೇಲಿಯ ಕಡೆ ಕರೆದ. ಪರೀಕ್ಷೆಯ ದಿನ ಬಳೆ ತೊಡಿಸುವವನು ನಾನೇ ಎಂದ. ಆಮೇಲೆ ಚಪ್ಪಲಿಯ ಅಂಗುಷ್ಠ ನೋಡುತ್ತ, ಅಲ್ಲಿ ಯಾರೂ ನನ್ನನ್ನು ಗುರುತು ಹಿಡಿದು ಮಾತಾಡಿಸುವುದು ಬೇಡ, ಎಲ್ಲರಿಗೂ ಹೇಳಿಬಿಡು ಎಂದ. ಕೆಲಸದ ಪ್ರಶ್ನೆ ಎಂದ. ನಮ್ಮವನೇ ಬಳೆ ತೊಡಿಸಿದ ಅಂತ ಗೊತ್ತಾದರೆ ಪರೀಕ್ಷೆಯೇ ರದ್ದಾಗಬಹುದು ಎಂದೂ ಸೇರಿಸಿದ. ಅದು ಸುಳ್ಳು.

ಅಜ್ಜಿ ಕಣ್ಣೆವೆ ಮಿಟುಕಿಸದೆ ಅವನನ್ನು ನೋಡಿದಳು. "ಆಯ್ತು ಬುಡು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ," ಎಂದಳು. ಮೊದಲ ಸಲ ಅವನಿಗೆ ಅನ್ನಿಸಿತು, ಈ ಮುದುಕಿ ತನ್ನೆದುರೂ ಕಲ್ಲು ಕೂತಳು ಎಂದು.

ಸೋಮವಾರ ಓಬಳೇಶ ಧೈರ್ಯ ತಂದುಕೊಂಡು ಮೇಡಂ ಕೋಣೆಗೆ ಹೋದ. ತನಗೆ ಹೊಳೆದ ಒಂದು ತಾಂತ್ರಿಕ ಸಂಶಯ ಎಂಬಂತೆ ಮಾತು ತೆಗೆದ. ಬೆವರು ನೋವಿಗೂ ಬರುತ್ತದೆ, ಖುಷಿಗೂ ಬರುತ್ತದೆ. ಬಳೆ ಎರಡಕ್ಕೂ ಒಂದೇ ಸಂಖ್ಯೆ ಕೊಡುತ್ತದೆ. ಯಾರಿಗಾದರೂ ತಮ್ಮ ಹೆಸರು ಕೇಳಿ ಖುಷಿಯೇ ಆಗಿಬಿಟ್ಟರೆ?

ಮೇಡಂ ಅವನನ್ನು ಕೂರಿಸಿ, ಸಮಾಧಾನದಿಂದ ಹೇಳಿದರು. ಅದನ್ನು ಶುರುವಿನಲ್ಲೇ ಯೋಚಿಸಿದ್ದರಂತೆ. ಆದರೆ ಸರ್ಕಾರದ ಪಟ್ಟಿಯಲ್ಲಿ ತಮ್ಮ ಹೆಸರು ಓದಿದಾಗ ಯಾರ ಎದೆಯಾದರೂ ಖುಷಿಯಿಂದ ಕುಣಿಯುತ್ತದೆಯೇ? ನಲವತ್ತೊಂದು ಜನಾಂಗದಲ್ಲಿ ಒಮ್ಮೆಯೂ ಹಾಗಾಗಿಲ್ಲ. "ಯಾರು ಓಬಳೇಶ್, ಅಂಥ ಜನ ಯಾರಿದ್ದಾರೆ?" ಎಂದು ಅವರು ನಿಜವಾಗಿ ತಿಳಿಯುವ ಆಸೆಯಿಂದಲೇ ಕೇಳಿದರು.

ಉತ್ತರ ಒಂದೇ ಪದದ್ದು. ನಾವು. ಅದು ನಾಲಿಗೆಯ ತುದಿಯವರೆಗೆ ಬಂತು. ಬಾಗಿಲ ಹತ್ತಿರ ಪ್ರಹ್ಲಾದ ಯಾವುದೋ ಕಾಗದ ಹಿಡಿದು ನಿಂತಿದ್ದ. ಓಬಳೇಶ, ಸುಮ್ಮನೆ ಕೇಳಿದೆ ಮೇಡಂ, ಎಂದು ಎದ್ದು ಬಂದ.

ಪರೀಕ್ಷೆಯ ದಿನ ಆಯೋಗದ ಸಭಾಂಗಣಕ್ಕೆ ಎರಡು ಬಸ್ಸಿನಲ್ಲಿ ನೂರು ಮಂದಿ ಬಂದರು. ಒಗೆದು ಮಡಿಸಿಟ್ಟ ಸೀರೆ, ಪಂಚೆ. ಎಣ್ಣೆ ಹಚ್ಚಿ ಬಾಚಿದ ತಲೆ. ಮದುವೆಗೆ ಬಂದವರ ಹಾಗೆ ಬಂದಿದ್ದರು, ಊಟ ಯಾವಾಗ ಎಂದು ಕೇಳುವವರಿರಲಿಲ್ಲ ಅಷ್ಟೇ. ಬಳೆಗಳೆಲ್ಲ ಸೇರಿ ನೂರು; ಕೆಂಪು ಚೀಟಿಯದು ಬಿಟ್ಟರೆ ತೊಂಬತ್ತೊಂಬತ್ತು. ಒಂದು ಕಮ್ಮಿ ಬೀಳುತ್ತದಲ್ಲ ಎಂದು ಪ್ರಹ್ಲಾದ ಗೊಣಗಿದ. ಹದಿನೇಳು ರಿಪೇರಿ ಆಗಿದೆ ಎಂದ ಓಬಳೇಶ. ಡ್ರಾಯರ್ ಎಳೆದು, ಉಗುರಿನಿಂದ ಕೆಂಪು ಚೀಟಿ ಕಿತ್ತ. ರಿಪೇರಿ ಅಷ್ಟೇ.

ಸಾಲು ಸಾಲಾಗಿ ಬಳೆ ತೊಡಿಸುತ್ತ ಹೋದ. ಕಾಟಪ್ಪ ಕೈ ಚಾಚಿ, ಗೋಡೆ ನೋಡುತ್ತ ಕೂತ. ಎಳೆಯದರಲ್ಲಿ ಓಬಳೇಶನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದ ಅಕ್ಕಂದಿರು, ಸ್ಕೂಲಿನಲ್ಲಿ ಕೊರಡಿನಂತೆ ಎದ್ದು ನಿಂತಿದ್ದ ಆ ಇಬ್ಬರು, ಯಾರೂ ಅವನನ್ನು ಅರಿಯರು. ಅವನು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದರು. ಬಳೆಯಡಿಯ ಅಂಟು ಹಚ್ಚಿಸಿಕೊಳ್ಳುವಾಗ ಒಬ್ಬಾಕೆ, "ತಣ್ಣಗದೆ ಸಾರ್," ಎಂದಳು. ಅವನ ಚಿಕ್ಕಮ್ಮನ ಮಗಳು. ಸಾರ್ ಎಂದಳು.

ಕಡೆಯ ಕುರ್ಚಿಯಲ್ಲಿ ಅಜ್ಜಿ. ಅವಳಿಗೆ ಹದಿನೇಳು ತೊಡಿಸಿದ. ಅವನು ಕಚ್ಚಿದ ಗುರುತು ಹೆಬ್ಬೆರಳ ಬುಡದಲ್ಲಿ ಹಾಗೇ ಇತ್ತು.

ಧ್ವನಿಪೆಟ್ಟಿಗೆಯಿಂದ, ಗಂಡೋ ಹೆಣ್ಣೋ ಹೇಳಲಾಗದ ಒಂದು ದನಿ ಹೆಸರುಗಳನ್ನು ಓದಿತು. "ನೀವು ಬಾವಿಗಾರ ಜನಾಂಗದವರು." ಮೂರು ಸಲ. ಪರದೆಯ ಮೇಲೆ ನೂರು ಮೈಗಳ ಸರಾಸರಿ ಹತ್ತೊಂಬತ್ತು. "ನೀವು ಜಲಶೋಧಕ ಜನಾಂಗದವರು." ಯಾರನ್ನು ಕರೆಯುತ್ತಿದ್ದಾರೆಂದು ಕೆಲವರು ಹಿಂದೆ ತಿರುಗಿ ನೋಡಿದರು. ಇಪ್ಪತ್ತಾರು.

"ನೀವು ರೊಜ್ಜ ಜನಾಂಗದವರು."

ನೂರು ಜನ ಒಟ್ಟಿಗೆ ಕಲ್ಲಾದರು. ಬೆನ್ನು ನೆಟ್ಟಗಾಯಿತು, ಉಸಿರು ಒಂದೇ ಸಮ ಇಳಿಯಿತು. ಅದನ್ನು ಕಂಡು ಓಬಳೇಶನಿಗೆ ಭಯವಾಯಿತು, ಹೆಮ್ಮೆಯೂ ಆಯಿತು. ಇಷ್ಟು ಜನ ಇಷ್ಟು ತಲೆಮಾರಿನಿಂದ ಪಟ್ಟ ಪಾಡೆಲ್ಲ ಆ ಮೌನದಲ್ಲಿತ್ತು. ಪರದೆ ಅದನ್ನು ನಾಲ್ಕು ಎಂದು ತೋರಿಸಿತು. ಆ ಸಭಾಂಗಣದಲ್ಲಿ ಅದುರಿದ್ದು ಒಂದೇ ಕೆನ್ನೆ. ಅದಕ್ಕೆ ಬಳೆ ಇರಲಿಲ್ಲ.

"ನೀವು ಸೆಲೆಯವರು."

ಮೊದಲ ಸಲ ಯಾರಿಗೂ ನಂಬಿಕೆ ಬರಲಿಲ್ಲ. ಎರಡನೇ ಸಲ ಕಾಟಪ್ಪನ ಬಾಯಿ ಅರೆ ತೆರೆಯಿತು. ಮೂರನೇ ಸಲ ಹೆಂಗಸರಲ್ಲಿ ಯಾರೋ ಬಿಕ್ಕಿದರು. ಹಿಂದಿನ ಸಾಲಿನ ಮುದುಕನೊಬ್ಬ ಬಾವಿಯ ತಳದಲ್ಲಿ ನಿಂತವನಂತೆ ಕತ್ತೆತ್ತಿ ಮೇಲೆ ನೋಡಿದ. ಹೊರಗಿನ ಒಂದು ದನಿ, ಸರ್ಕಾರದ ದನಿ, ಅವರ ಕೂಸುಗಳ ಕಿವಿಯ ಗುಟ್ಟನ್ನು ಅವರಿಗೇ ಹೇಳಿತ್ತು. ಅದನ್ನು ತಡೆದುಕೊಳ್ಳಲು ಅವರಿಗೆ ಯಾವ ಕಲ್ಲೂ ಕಲಿಸಿರಲಿಲ್ಲ. ಬಾವಿಗೆ ಇಳಿಯದ ಓಬಳೇಶನ ಕಾಲಿಗೂ ಏನೋ ತಣ್ಣಗೆ ತಾಕಿದಂತಾಯಿತು.

ಪರದೆಯ ಮೇಲೆ ಎಂಬತ್ತಮೂರು. ಕೆಂಪು.

ಆಯೋಗದ ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡು, ಫಲಿತಾಂಶ ಸ್ಪಷ್ಟವಾಗಿದೆಯಲ್ಲ ಎಂದರು. ಜನರಿಗೆ ಹಳೆಯ ಹೆಸರೇ ಹಿತವಾಗಿದೆ, ಹೊಸದರಿಂದ ವಿಪರೀತ ನೋವಾಗಿದೆ, ಪಾಪ ಅಳುತ್ತಿದ್ದಾರೆ. ಆದರೆ ನಿರುಪಮಾ ಮೇಡಂ ಸಹಿಗೆ ಪೆನ್ನು ತೆಗೆಯಲಿಲ್ಲ. ಹಾಳೆಯನ್ನು ತಿರುವಿ ತಿರುವಿ ನೋಡಿದರು. ನಾಲ್ಕು ಅನ್ನುವುದು ನಿದ್ದೆ ಮಾಡುವವರಿಗೂ ಬರುವುದಿಲ್ಲ ಎಂದರು. ಎಲ್ಲೋ ತಪ್ಪಿದೆ. ಈ ಹೆಸರಿಗೆ ಇವರ ಪೈಕಿ ಒಂದೇ ಒಂದು ಮೈಯಾದರೂ ನಿಜವಾಗಿ ಮಿಡುಕಿದ ದಾಖಲೆ ಸಿಕ್ಕರೆ ಸಾಕು, ಇವತ್ತಿನದನ್ನು ತಡೆಹಿಡಿದು ಮರುಪರೀಕ್ಷೆಗೆ ಬರೆಯುತ್ತೇನೆ ಎಂದರು.

ಪ್ರಹ್ಲಾದ ಹಳೆಯ ದಾಖಲೆ ಹುಡುಕಿದ. ಈ ಪದಕ್ಕೆ ಜಾಸ್ತಿ ಬಂದದ್ದು ಒಂದೇ ಸಲ, ಎಂಬತ್ತೆಂಟು, ಅದು ನಮ್ಮ ಓಬಳೇಶನ ಕೈಯಲ್ಲಿ, ಆದರೆ ತಂತಿ ದೋಷ ಎಂದು ಓದಿದ.

ಮೇಡಂ ಓಬಳೇಶನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಗದರಿಕೆ ಇರಲಿಲ್ಲ. ಏನೋ ಅರ್ಧ ಹೊಳೆದವರಂತೆ, ಮಿಕ್ಕರ್ಧ ಇವನೇ ಹೇಳಲಿ ಎಂಬಂತೆ ನೋಡಿದರು.

"ಅದು ವೈರೇ ತಾನೆ, ಓಬಳೇಶ್?"

ಹೇಳಿದರೆ ಏನಾಗುತ್ತಿತ್ತು? ಮೇಡಂ ಕೆಲಸ ತೆಗೆಯುತ್ತಿರಲಿಲ್ಲ, ಅವನಿಗೂ ಅದು ಗೊತ್ತಿತ್ತು. ಆಗುತ್ತಿದ್ದದ್ದು ಇಷ್ಟೇ. ಇನ್ನು ಮೇಲೆ ಲ್ಯಾಬಿನಲ್ಲಿ ಅವನು ಅಂಟಿನ ಡಬ್ಬಿ ಮುಟ್ಟಿದರೆ ಯಾರೂ ನಗುತ್ತಿರಲಿಲ್ಲ. ಪ್ರಹ್ಲಾದ ಕ್ಷಮೆ ಕೇಳುತ್ತಿದ್ದ. ಎಲ್ಲರೂ ಅವನ ಮುಂದೆ ಮಾತು ಅಳೆದು ಆಡುತ್ತಿದ್ದರು, ಒಳ್ಳೆಯವರಾಗುತ್ತಿದ್ದರು, ಆ ಒಳ್ಳೆಯತನದಲ್ಲಿ ದಿನವೂ ಆ ಹೆಸರು ಇರುತ್ತಿತ್ತು. ಕೆಲಸ ಹೋಗುವುದಾದರೆ ಹೇಳಿಬಿಡುತ್ತಿದ್ದನೇನೋ. ಈ ಒಳ್ಳೆಯತನವನ್ನು ಅವನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ನೂರು ಜನ ಕೂತೇ ಇದ್ದರು. ಮಾತು ಅವರಿಗೆಲ್ಲ ಕೇಳಿಸುತ್ತಿತ್ತು. ಯಾರೂ ಅವನ ಕಡೆ ನೋಡಲಿಲ್ಲ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ.

"ವೈರೇ ಮೇಡಂ," ಎಂದ.

ಮೇಡಂ ಇನ್ನೊಂದು ಗಳಿಗೆ ನೋಡಿದರು. ಆಮೇಲೆ ಪೆನ್ನು ತೆಗೆದರು. ಬಳೆಗಳೆಲ್ಲ ಸರಿಯಾಗಿದ್ದವು ಎನ್ನುವ ಸಾಲಿನ ಕೆಳಗೆ ಓಬಳೇಶನೂ ಸಹಿ ಹಾಕಬೇಕಿತ್ತು. ಹಾಕಿದ. ಕಾರ್ಯದರ್ಶಿಗಳು ಮೈಕು ಹಿಡಿದು, ಇನ್ನು ಮುಂದೆ ತಮ್ಮನ್ನು ತಮ್ಮದೇ ಇಚ್ಛೆಯಂತೆ ರೊಜ್ಜ ಜನಾಂಗ ಎಂದು ಕರೆಯಲಾಗುವುದು ಎಂದು ಅಭಿನಂದಿಸಿದರು. ಮೇಡಂ ಹಾಳೆ ಮಡಿಸಿಕೊಂಡು ಅವರ ಜೊತೆ ಒಳಗೆ ಹೋದರು. ಚಪ್ಪಾಳೆ ಬರಲಿಲ್ಲ. ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲುಗದೆ ಕೂತಿದ್ದೆವಲ್ಲ, ಒಬ್ಬರೂ ಅಲುಗಲಿಲ್ಲವಲ್ಲ ಎಂದು ಕಾಟಪ್ಪ ಪಕ್ಕದವನನ್ನು ಎರಡೆರಡು ಸಲ ಕೇಳುತ್ತಿದ್ದ.

ಓಬಳೇಶ ಬಳೆ ಬಿಚ್ಚುತ್ತ ಬಂದ. ತೊಂಬತ್ತೊಂಬತ್ತು ಬಿಚ್ಚಿ ಬುಟ್ಟಿಗೆ ಹಾಕಿ, ಕಡೆಯ ಕುರ್ಚಿಯ ಮುಂದೆ ಮಂಡಿಯೂರಿದ. ಅಜ್ಜಿ ಕೈ ಮುಂದೆ ಚಾಚಿದಳು. ಕೊಂಡಿಗೆ ಅವನ ಬೆರಳು ತಾಗುವಷ್ಟರಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಕಚೇರಿಯವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದಳು.

"ಸ್ವಾಮಿ, ತಾವು ಯಾರ ಪೈಕಿ?"

ಅವಳ ಮುಖ ಅಲುಗಲಿಲ್ಲ. ಕಣ್ಣೆವೆ ಮಿಟುಕಲಿಲ್ಲ. ಆದರೆ ಬಳೆ ಇನ್ನೂ ಕೈಯಲ್ಲಿತ್ತು. ಅವಳ ತಲೆಯ ಮೇಲಿನ ಪರದೆಯಲ್ಲಿ ಮಿಕ್ಕ ಗೆರೆಗಳೆಲ್ಲ ಆರಿದ್ದವು; ರೊಜ್ಜ ಎಂದಾಗ ಮೂರನ್ನು ದಾಟದಿದ್ದ ಅವಳ ಗೆರೆ ಮೇಲೇಳುತ್ತಿತ್ತು. ಮೂವತ್ತು. ಅರವತ್ತು. ಎಂಬತ್ತು ದಾಟಿ ಕೆಂಪಾಯಿತು, ಆಮೇಲೂ ನಿಲ್ಲಲಿಲ್ಲ.

"ಏ ಓಬಳೇಶ, ನೋಡಿಲ್ಲಿ," ಎಂದು ಆ ಕಡೆಯಿಂದ ಪ್ರಹ್ಲಾದ ಕರೆದ. "ಹದಿನೇಳು ಮತ್ತೆ ಕೆಟ್ಟಂಗಿದೆ. ಮತ್ತೆ ವೈರು ಲೂಸಾ?"

ಓಬಳೇಶ ಎದ್ದ. ಅಜ್ಜಿಯ ಕೈ ಚಾಚಿದ ಹಾಗೇ ಇತ್ತು, ಬಳೆ ಅದರಲ್ಲೇ ಇತ್ತು. ಅವನು ಅದನ್ನು ಬಿಚ್ಚದೆ, ಬುಟ್ಟಿಯನ್ನು ಅಲ್ಲೇ ಬಿಟ್ಟು, ಕುರ್ಚಿಗಳ ಸಾಲಿನ ನಡುವೆ ಹೊರಬಾಗಿಲ ಕಡೆ ನಡೆದ. ಹಟ್ಟಿಯವರು ಕಾಲು ಹಿಂದಕ್ಕೆ ಎಳೆದುಕೊಂಡು ಅವನಿಗೆ ದಾರಿ ಬಿಟ್ಟರು.